ಹಿಂದೆ ಬರುವ ಮಾತು

ಹಿರೇಹಡಗಲಿ
೧೭-೬-೨೦೦೧

ಶಾಲೆಯಲ್ಲಿ ಶಿವಲೀಲಾ, ಮನೆಯಲ್ಲಿ ತಿಪ್ಪಿ ಎನ್ನಿಸಿಕೊಂಡವಳಿಗೆ ಅಜ್ಜಿ ಚೌಡಕ್ಕ ಬರೆಯುವುದು.

ಇಲ್ಲಿ ಎಲ್ಲ ಇದ್ದಂತೆ ಇದೆ. ಸೊಂಟ ನೋವು ನಿನ್ನ ಅವ್ವನನ್ನು ಬಿಟ್ಟಿಲ್ಲ, ಅವಳು ಹೂ ಕಟ್ಟುವುದನ್ನು ಬಿಟ್ಟಿಲ್ಲ. ನಿನ್ನ ಅಪ್ಪ ಓಬಳೇಶ ಕುರಿ ಹೊಡೆದುಕೊಂಡು ಹೊಳೆಯ ದಂಡೆಗೆ ಹೋಗಿದ್ದಾನೆ. ಮಳೆ ಹೊಸ ಅಳಿಯನ ಹಾಗೆ, ಕರೆದಷ್ಟೂ ಬಿಗಿಯುತ್ತಿದೆ.

ನಿನ್ನ ಕಾಗದ ಬಂತು. ಸಂಜೆ ಹೊತ್ತು ಪಿಲಾರ್ ಸಿಸ್ಟರ ಹತ್ತಿರ ಸ್ಪೇನ್ ದೇಶದ ಮಾತು ಕಲಿಯುತ್ತಿದ್ದೇನೆ ಎಂದು ಬರೆದಿದ್ದೀಯ. ನರ್ಸ್ ಕೆಲಸ ಕಲಿಯಲು ಹೋದವಳು ಸೂಜಿ ಚುಚ್ಚುವುದನ್ನು ಕಲಿಯಬೇಕು. ರಾಯದುರ್ಗಕ್ಕೆ ಹೋಗಿ ಎರಡು ವರ್ಷವಾಯಿತು, ಅಲ್ಲಿನ ತೆಲುಗೇ ನಿನಗೆ ಇನ್ನೂ ನೆಟ್ಟಗೆ ಬಂದಿಲ್ಲ. ಆ ಆಸ್ಪತ್ರೆಯ ಸಿಸ್ಟರುಗಳು ಸ್ಪೇನಿನಿಂದ ಬಂದ ಸನ್ಯಾಸಿನಿಯರು, ಸರಿ. ಮನೆಗೆ ಬಂದ ನೆಂಟರು ಮನೆಯವರ ಮಾತು ಕಲಿಯಬೇಕೋ, ಮನೆಯವರು ನೆಂಟರ ಮಾತು ಕಲಿಯಬೇಕೋ, ನೀನೇ ಹೇಳು.

ಪಕ್ಕದ ಮನೆಯ ಜೋಗಮ್ಮನಿಗೆ ನಿನ್ನ ಅವ್ವ ಇದನ್ನೆಲ್ಲ ಒದರಿದ್ದಾಳೆ. ಅವಳು ಕಟ್ಟೆಯ ಮೇಲೆ ಕುಳಿತು, "ಚೌಡಕ್ಕ, ನಿನ್ನ ಮೊಮ್ಮಗಳು ಇಂಗ್ಲೀಷು ದಾಟಿ ಮುಂದಕ್ಕ ಹೋಗ್ಯಾಳಂತಲ್ಲ, ಭಾಳ ಶಾಣ್ಯಾಕಿ ಬಿಡು" ಎಂದಳು. ನಾನು ಬಿಡುತ್ತೇನೆಯೇ. "ಎಲ್ಲಿ ಶಾಣ್ಯಾಕಿ ತಾಯಿ, ಅಕ್ಕಿ ಆರಸಾಕ ಬರಂಗಿಲ್ಲ, ದಡ್ಡಿ" ಎಂದು ಬಾಯಿ ಮುಚ್ಚಿಸಿದೆ. ಅವಳು ಹೋದ ಮೇಲೆ ಉಪ್ಪು, ಒಣಮೆಣಸಿನಕಾಯಿ ತೆಗೆದುಕೊಂಡು ಗೋಡೆಯ ಮೇಲಿನ ನಿನ್ನ ಫೋಟೋಕ್ಕೆ ನಿವಾಳಿಸಿ ಒಲೆಗೆ ಹಾಕಿದೆ. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಗಲಿದೆ ಎಂದೇ ಲೆಕ್ಕ. ಇನ್ನೊಮ್ಮೆ ನಿವಾಳಿಸಿದೆ. ಆಗ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು, ಜೀವಕ್ಕೆ ಸಮಾಧಾನವಾಯಿತು. ಜೋಗಮ್ಮನ ಕಣ್ಣು ಕೆಟ್ಟದ್ದಲ್ಲ, ಆದರೆ ಕಣ್ಣು ಕಣ್ಣೇ.

ನನ್ನ ಅಕ್ಷರ ನೋಡಿ ನಗಬೇಡ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದರು. ಬಾಯಿಮಾತು ಬಾಯಲ್ಲಿರಲಿ, ಕಾಗದಕ್ಕೆ ಪುಸ್ತಕದ ಮಾತು ಎಂದು ಗುರುಸಂಗಪ್ಪ ಮಾಸ್ತರು ಹೇಳಿಕೊಟ್ಟದ್ದು ಮಾತ್ರ ಉಳಿದಿದೆ.

ಆ ಭಾಷೆಯಲ್ಲಿ ಏನೇನು ಕಲಿಸುತ್ತಾರೆ, ಬರೆ. ನನಗೇನೂ ಬೇಕಾಗಿಲ್ಲ, ಸುಮ್ಮನೆ ಕೇಳಿದೆ. ಊಟ ಬಿಟ್ಟು ಓದಬೇಡ.

ನಿನ್ನ ಬಾಯಿಬಡಕಿ ಅಜ್ಜಿ
ಚೌಡಕ್ಕ


ನರ್ಸ್ ಹಾಸ್ಟೆಲು, ರಾಯದುರ್ಗದ ಹತ್ತಿರ
೮-೭-೨೦೦೧

ಅಜ್ಜಿಗೆ ತಿಪ್ಪಿಯ ನಮಸ್ಕಾರ.

ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಉತ್ತರ ಬರೆಯುತ್ತಿದ್ದೇನೆ. ಈಗ ನಮಗೆ ಗುಣವಾಚಕ ನಡೆಯುತ್ತಿದೆ. ಒಳ್ಳೆಯ, ಕೆಟ್ಟ, ಕರಿಯ, ಎತ್ತರದ, ಇಂಥ ಮಾತುಗಳು. ನಿನಗೆ ತಿಳಿಯಲೆಂದು ಕುರಿಯಲ್ಲೇ ಹೇಳುತ್ತೇನೆ. ಕುರಿಗೆ ಅವರು ಓವೇಹಾ ಅನ್ನುತ್ತಾರೆ. ಕರಿಯದಕ್ಕೆ ನೇಗ್ರಾ. ನಾವು ಕರಿ ಕುರಿ ಅಂದರೆ ಅವರು ಓವೇಹಾ ನೇಗ್ರಾ, ಅಂದರೆ ಕುರಿ ಕರಿ, ಅನ್ನುತ್ತಾರೆ. ಗುಣದ ಮಾತು ಹಿಂದೆ ಬರುತ್ತದೆ. ಟಗರಾದರೆ ಕಾರ್ನೇರೋ ನೇಗ್ರೋ. ಹೆಣ್ಣಿಗೆ ಆ, ಗಂಡಿಗೆ ಓ. ಮಂದೆಯಾದರೆ ಓವೇಹಾಸ್ ನೇಗ್ರಾಸ್, ಕುರಿಗಳ ಜೊತೆ ಕರಿಯೂ ಮಂದೆಯಾಗಬೇಕು. ಒಳ್ಳೆಯವಳು ಬುಯೆನಾ, ಕೆಟ್ಟವಳು ಮಾಲಾ, ಚೆಲುವೆ ಬೊನೀತಾ. ಕೆಲವು ಮಾತುಗಳು ಮಾತ್ರ ಹೆಣ್ಣು ಗಂಡು ನೋಡುವುದಿಲ್ಲ. ಫುಯೆರ್ತೆ ಅಂದರೆ ಗಟ್ಟಿ. ಅವಳಾದರೂ ಫುಯೆರ್ತೆ, ಅವನಾದರೂ ಫುಯೆರ್ತೆ. ಮೊಮ್ಮಗಳಿಗೆ ನಿಯೆತಾ, ಅಜ್ಜಿಗೆ ಅಬುಯೇಲಾ. ಸಾಕಲ್ಲ.

ಈಗ ನಿಜವಾದ ವಿಷಯ. ಪ್ರತಿ ಚಳಿಗಾಲ ಸ್ಪೇನಿನಿಂದ ಮೂಳೆ ಡಾಕ್ಟರುಗಳು ಬಂದು ಪೋಲಿಯೋ ಆದ ಮಕ್ಕಳ ಕಾಲು ನೆಟ್ಟಗೆ ಮಾಡುತ್ತಾರೆ. ಅವರಿಗೆ ತಾಯಂದಿರ ಮಾತು ಗೊತ್ತಾಗುವುದಿಲ್ಲ, ತಾಯಂದಿರಿಗೆ ಅವರದು ಗೊತ್ತಾಗುವುದಿಲ್ಲ. ಕಳೆದ ಸಲ ಒಬ್ಬ ತಾಯಿ ಕಾಲು ಕತ್ತರಿಸುತ್ತಾರೆ ಅಂದುಕೊಂಡು ಮಗುವನ್ನು ಎತ್ತಿಕೊಂಡು ಓಡಿಹೋದಳು. ಅದಕ್ಕೆ ಒಬ್ಬಳನ್ನು ಎರಡು ವರ್ಷ ಸ್ಪೇನಿಗೆ ಕಳಿಸಿ, ಭಾಷೆ ಮತ್ತು ಆ ಮಕ್ಕಳನ್ನು ನಡೆಸುವ ಕೆಲಸ ಎರಡನ್ನೂ ಕಲಿಸಿ, ವಾಪಸ್ಸು ಇಲ್ಲೇ ಇಟ್ಟುಕೊಳ್ಳುತ್ತಾರಂತೆ. ಉಳಿದಿರುವವರು ಇಬ್ಬರೇ. ನಾನು ಮತ್ತು ಹರಪನಹಳ್ಳಿಯ ಅಮೃತಾ.

ಯಾರನ್ನು ಕಳಿಸಬೇಕೆಂದು ದೊಡ್ಡ ಸಿಸ್ಟರ್ ತೀರ್ಮಾನ ಮಾಡುತ್ತಾರೆ. ಅವರು ಹೊಸಬರು, ನಮ್ಮನ್ನು ಅರಿಯರು. ಮಾರ್ಕ್ಸಿಗಿಂತ ಮನೆಯವರ ಮಾತನ್ನು ನಂಬುತ್ತಾರಂತೆ. ಎರಡೂ ಮನೆಗೆ ಬರುತ್ತಾರೆ. ಅಜ್ಜಿ, ನನಗೆ ಇದು ಬೇಕು. ನಾನು ಇದುವರೆಗೆ ಏನನ್ನೂ ಬೇಕು ಎಂದು ಕೇಳಿದವಳಲ್ಲ. ಹೊಗಳು ಎನ್ನುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳು.

ನಿನ್ನ
ತಿಪ್ಪಿ


ಹಿರೇಹಡಗಲಿ
೨೦-೮-೨೦೦೧

ತಿಪ್ಪಿಗೆ,

ನಿನ್ನ ಕಾಗದ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿ ಮಡಿಕೆಯಲ್ಲೆಲ್ಲ ಹರಿದಿದೆ. ಹಟ್ಟಿಗೆ ಹೋಗಿ ನಮ್ಮ ಕರಿ ಕುರಿಯ ಮುಂದೆ ನಿಂತು ಓವೇಹಾ ನೇಗ್ರಾ ಎಂದೆ. ಅದು ಮೇವು ಬಿಟ್ಟು ತಲೆ ಎತ್ತಿ ನೋಡಿತು. ನಿನ್ನ ಅಪ್ಪ ಬೇಲಿಯ ಆಚೆಯಿಂದ, "ಯವ್ವಾ, ಜಡ್ಡು ಬಂದಿರೋದು ಕುರಿಗೋ ನಿನಗೋ" ಎಂದ. ಅವನಿಗೂ ಹೇಳಿಕೊಟ್ಟೆ. ಈಗ ಟಗರು ಹಾಯಲು ಬಂದರೆ ಕಾರ್ನೇರೋ ಮಾಲೋ ಎಂದು ಬೈಯುತ್ತಾನೆ. ಸರಿಯಾಗಿದೆಯೋ ಇಲ್ಲವೋ ಬರೆ. ಮತ್ತೆ, ಕೆಟ್ಟವಳಿಗೆ ಮಾಲಾ ಎಂದರೆ ನಮ್ಮ ಪೋಸ್ಟಿನವರ ಸೊಸೆ ಮಾಲಾಳ ಗತಿ ಏನು. ಹೆಸರು ಕೇಳಿಯೇ ಆ ದೇಶದವರು ಬಾಗಿಲು ಹಾಕಿಕೊಂಡಾರು.

ಒಂದು ಮಾತು ಮಾತ್ರ ನನ್ನ ತಲೆಯಲ್ಲಿ ಕುಳಿತಿದೆ. ನಮ್ಮ ಓಣಿಯಲ್ಲಿ ಕುಂಟ ಬಸ್ಯ, ಕಿವುಡ ನಿಂಗ, ಮೆಳ್ಳ ಈರಿ. ಬಸ್ಯ ಬರುವುದಕ್ಕಿಂತ ಮೊದಲು ಅವನ ಕುಂಟು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಆ ದೇಶದಲ್ಲಿ ಮೊದಲು ಮನುಷ್ಯ ಬರುತ್ತಾನೆ, ಅವನ ಕುಂಟು ಹಿಂದಿನಿಂದ ನಿಧಾನಕ್ಕೆ ಬರುತ್ತದೆ. ಇದು ಚೆನ್ನಾಗಿದೆ. ಓಣಿಯ ಹೆಸರುಗಳಲ್ಲಿ ಅರ್ಧ ನೀನೇ ಇಟ್ಟದ್ದು ಎಂದು ನಿನ್ನ ಅವ್ವ ನನಗೆ ಹೇಳುತ್ತಾಳೆ. ಅವಳ ಮಾತು ಬಿಡು.

ದೊಡ್ಡ ಸಿಸ್ಟರ ವಿಷಯ. ನೀನು ಕೇಳಿದ್ದು ಸಣ್ಣದಲ್ಲ ತಿಪ್ಪಿ. ನಿನಗಿಂತ ಮೊದಲು ಎರಡು ಕೂಸು ಹೋದವು. ಎರಡನೆಯದು ದುಂಡಗಿತ್ತು, ನಕ್ಕರೆ ಕೆನ್ನೆಯಲ್ಲಿ ಗುಳಿ. ಸಂತೆಯಲ್ಲಿ ಬಳೆಗಾರ್ತಿ, "ಎಷ್ಟ್ ಚೆಂದ ಐತವ್ವ ಕೂಸು" ಎಂದಳು. ನನಗೆ ಹಿಗ್ಗು. ನಾನೂ ಹೌದು ಎಂದೆ. ಮುಂದಿನ ಸಂತೆಗೆ ಕೂಸು ಇರಲಿಲ್ಲ. ನೀನು ಹುಟ್ಟಿದಾಗ ತಿಪ್ಪೆಯ ಮೇಲೆ ಉರುಳಿಸಿ, ಮೊರದಲ್ಲಿಟ್ಟು ಜೋಗಮ್ಮನಿಗೆ ಕೊಟ್ಟು, ತೌಡು ಅಳೆದು ವಾಪಸ್ಸು ಕೊಂಡುಕೊಂಡೆವು. ತಿಪ್ಪೆಯ ಮೇಲೆ ಸಿಕ್ಕ, ತೌಡಿಗೆ ಬಿಕರಿಯಾದ ಕೂಸಿನ ಮೇಲೆ ಯಾರು ಕಣ್ಣು ಹಾಕುತ್ತಾರೆ. ಅಂದಿನಿಂದ ನಿನ್ನ ಬಗ್ಗೆ ನನ್ನ ಬಾಯಿಂದ ಒಳ್ಳೆಯ ಮಾತು ಹೊರಗೆ ಬಿದ್ದಿಲ್ಲ. ನೀನು ಬದುಕಿದ್ದೀಯ.

ಆದರೂ ನೀನು ಬೇಕು ಎಂದಿದ್ದೀಯ. ಬರಲಿ ಆಕೆ. ಇದ್ದದ್ದು ಹೇಳುತ್ತೇನೆ.

ನಿನ್ನ ಬಾಯಿಬಡಕಿ ಅಜ್ಜಿ
ಚೌಡಕ್ಕ


ಹಿರೇಹಡಗಲಿ
೯-೧೦-೨೦೦೧

ತಿಪ್ಪಿಗೆ,

ನಿನ್ನ ದೊಡ್ಡ ಸಿಸ್ಟರ್ ಬಂದು ಹೋದಳು. ಓಣಿಗೆ ಜೀಪು ಬಂದದ್ದೇ ಒಂದು ಹಬ್ಬ. ಆಕೆ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾಯಿತು, ಅಷ್ಟು ಉದ್ದ. ಜೊತೆಗೆ ಜೀಪಿನ ಡ್ರೈವರು. ಅವನು ತೆಲುಗಿನವನು, ಸ್ಪೇನ್ ಮಾತೂ ಬರುತ್ತದೆ, ಕನ್ನಡ ಅಷ್ಟಿಷ್ಟು. ನಿನ್ನ ಅವ್ವ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಕೊಟ್ಟಳು. ಸಿಸ್ಟರ್ ಬಜ್ಜಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಪೂರ್ತಿ ತಿಂದಳು. ನನಗೆ ಹಿಡಿಸಿದಳು. ಒಂದು ಮೊಳ ಮಲ್ಲಿಗೆ ಕೊಟ್ಟರೆ ಎಲ್ಲಿ ಮುಡಿಯಬೇಕೆಂದು ತಿಳಿಯದೆ ಕೈಗೆ ಸುತ್ತಿಕೊಂಡಳು.

ಇದ್ದದ್ದು ಹೇಳಬೇಕೆಂದೇ ಕುಳಿತಿದ್ದೆ. ದೇವರ ಮುಂದೆ ನಿಂತು ಬಾಯಿಪಾಠ ಸಹ ಮಾಡಿದ್ದೆ. ಅಷ್ಟರಲ್ಲಿ ಆಕೆ ಗೋಡೆಯ ಮೇಲಿನ ನಿನ್ನ ಫೋಟೋ ಕೆಳಗಿಳಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಬೆಕ್ಕಿನ ಕಣ್ಣು, ತಿಪ್ಪಿ. ಹಸಿರೋ ನೀಲಿಯೋ ತಿಳಿಯದ ಕಣ್ಣು. ರೆಪ್ಪೆ ಹೊಡೆಯದೆ ನಿನ್ನನ್ನೇ ನೋಡಿ ಏನೋ ಉದ್ದಕ್ಕೆ ಹೇಳಿದಳು. ಅದರಲ್ಲಿ ಬೊನೀತಾ ಎಂಬುದು ನನಗೇ ತಿಳಿಯಿತು. ಡ್ರೈವರು, "ಚಾಲಾ ಅಂದ ಐತೆ ಅಮ್ಮಾಯಿ, ಬುದ್ಧಿವಂತೆ ಕಾಣ್ತಾಳೆ ಅಂತಾರೆ" ಎಂದ. ನಿನ್ನ ಅವ್ವ ಹಲ್ಲು ಬಿಡುತ್ತಾ ನಿಂತಿದ್ದಳು. ನನಗೆ ಬಳೆಗಾರ್ತಿ ನೆನಪಾದಳು.

ಅಲ್ಲಿಂದ ನಾನು ಬಾಯಿ ಬಿಟ್ಟೆ. "ಎಲ್ಲಿ ಅಂದ ರೀ, ಕರಿ ಇದ್ಲಿ" ಎಂದೆ. ಕಷ್ಟಪಟ್ಟು ದುಡಿಯುತ್ತಾಳಾ ಎಂದು ಕೇಳಿದರೆ ಸೋಮಾರಿ ಎಂದೆ. ತಾಳ್ಮೆ ಉಂಟಾ ಎಂದರೆ, ಇಲ್ಲ, ಸಿಡುಕಿ, ಮುಟ್ಟಿದರೆ ಮುಖ ಉರಿಯುತ್ತದೆ ಎಂದೆ. ದೂರದ ದೇಶದಲ್ಲಿ ಎರಡು ವರ್ಷ ಇರುತ್ತಾಳಾ ಎಂದರೆ, ಅಳುಬುರುಕಿ, ಎರಡು ದಿನ ಇರುವುದಿಲ್ಲ ಎಂದೆ. ಕೊನೆಗೆ ಸತ್ಯವಂತಳಾ ಎಂದು ಕೇಳಿದಳು. ಅಲ್ಲಿ ಮಾತ್ರ ನಾಲಿಗೆ ಸ್ವಲ್ಪ ತಡೆಯಿತು. ಆಕೆಯ ಕಣ್ಣು ಇನ್ನೂ ಫೋಟೋದ ಮೇಲೇ ಇತ್ತು. "ಬಾಯಿ ಬಿಟ್ಟರ ಸುಳ್ಳು" ಎಂದುಬಿಟ್ಟೆ.

ಡ್ರೈವರು ಒಂದೂ ಬಿಡದೆ ಅವರ ಮಾತಿನಲ್ಲಿ ಹೇಳಿದ. ಆಕೆ ಎಲ್ಲ ಬರೆದುಕೊಂಡಳು. ಫೋಟೋ ಮತ್ತೆ ಗೋಡೆಗೆ ಹಾಕಿದಳು. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡಳು, ಮುಖ ಸಣ್ಣಗಾಗಿತ್ತು. ನಿನ್ನ ಅವ್ವ ಒಳಗೆ ಹೋದವಳು ಹೊರಗೆ ಬರಲಿಲ್ಲ, ಸೊಂಟ ನೋವು ಇರಬೇಕು.

ಹೆದರಬೇಡ. ಅಂಥ ಕಣ್ಣಿನ ಮುಂದೆಯೂ ಒಂದು ಒಳ್ಳೆಯ ಮಾತು ನನ್ನ ಬಾಯಿಂದ ಜಾರಲಿಲ್ಲ. ಇನ್ನು ನೀನು ಏಳು ಸಮುದ್ರ ದಾಟಿದರೂ ನಿನ್ನ ಕೂದಲು ಕೊಂಕುವುದಿಲ್ಲ. ಯಾವ ತಿಂಗಳು ಹೊರಡುವುದು, ಬರೆ. ಹುರಿಟ್ಟು, ಶೇಂಗಾ ಚಟ್ನಿಪುಡಿ ಮಾಡಿ ಕೊಡುತ್ತೇನೆ.

ನಿನ್ನ ಬಾಯಿಬಡಕಿ ಅಜ್ಜಿ
ಚೌಡಕ್ಕ


ನರ್ಸ್ ಹಾಸ್ಟೆಲು
೨-೧೨-೨೦೦೧

ಅಜ್ಜಿಗೆ,

ನಾನು ಕ್ಷೇಮ. ಬರುವ ತಿಂಗಳು ಅಮೃತಾ ಸ್ಪೇನಿಗೆ ಹೋಗುತ್ತಾಳೆ. ವಾರ್ಡಿನಲ್ಲಿ ಕೆಲಸ ಹೆಚ್ಚು. ಸಂಕ್ರಾಂತಿಗೆ ಬರಲಾಗುವುದಿಲ್ಲ. ಚಟ್ನಿಪುಡಿ ಕಳಿಸಬೇಡ, ಇಲ್ಲಿ ಊಟ ಚೆನ್ನಾಗಿದೆ. ಅಪ್ಪನಿಗೂ ಅವ್ವನಿಗೂ ನಮಸ್ಕಾರ ತಿಳಿಸು.

ಶಿವಲೀಲಾ


ಹಿರೇಹಡಗಲಿ
೨೦-೧೨-೨೦೦೧

ತಿಪ್ಪಿಗೆ,

ಇದೇನು ಬರೆದಿದ್ದೀಯ. ಆ ಬೆಕ್ಕಿನ ಕಣ್ಣಿನವಳು ನಮ್ಮ ಮನೆಯ ಬಜ್ಜಿ ತಿಂದು, ನಮ್ಮ ಮಲ್ಲಿಗೆ ಕೈಗೆ ಸುತ್ತಿಕೊಂಡು, ಹರಪನಹಳ್ಳಿಯವರ ಹುಡುಗಿಯನ್ನು ಕಳಿಸುತ್ತಾಳೆಯೇ. ಅಮೃತಾಳ ಮನೆಯವರು ಏನು ಹೇಳಿದರಂತೆ. ನಮ್ಮ ಹುಡುಗಿ ಬಂಗಾರ, ಮುತ್ತು, ಮಾಣಿಕ್ಯ ಎಂದಿರಬೇಕು. ಅವರಿಗೆ ಮಕ್ಕಳ ಜೀವದ ಭಯ ಇಲ್ಲ.

ನಿನ್ನ ಅವ್ವ ಆ ದಿನದಿಂದ ನನ್ನ ಹತ್ತಿರ ಮುಖ ಕೊಟ್ಟು ಮಾತಾಡಿಲ್ಲ. ಕಾಗದ ಓದಿದ ಮೇಲೆ ಒಂದೇ ಮಾತು, "ನೀನಽ ಕೆಡಿಸಿದಿ" ಎಂದಳು. ನಿನ್ನ ಅಪ್ಪನನ್ನು ಕೇಳಿದೆ. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಹಟ್ಟಿಗೆ ಹೋದ. ನಾನು ಕೆಡಿಸಿದ್ದು ಏನು. ನಾನು ನಿನ್ನನ್ನು ಕಾಪಾಡಿದೆ.

ನೀನು ತಿಪ್ಪಿ ಎಂದು ಸಹಿ ಹಾಕುವುದನ್ನು ಯಾಕೆ ಬಿಟ್ಟೆ. ನನ್ನಿಂದ ಏನಾದರೂ ಆಗಿದ್ದರೆ ಬರೆ. ಬೈದು ಬರೆ, ಆದರೆ ಇಷ್ಟು ಸಣ್ಣ ಕಾಗದ ಬರೆಯಬೇಡ.

ಅಜ್ಜಿ
ಚೌಡಕ್ಕ


ನರ್ಸ್ ಹಾಸ್ಟೆಲು
೧೪-೧-೨೦೦೨

ಅಜ್ಜಿಗೆ,

ಬರೆಯಬಾರದು ಅಂದುಕೊಂಡಿದ್ದೆ. ನೀನು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ದೊಡ್ಡ ಸಿಸ್ಟರ್ ನಮ್ಮೂರಿಂದ ಬಂದ ಮಾರನೆಯ ದಿನ, ನೀನು ಹೇಳಿದ್ದನ್ನು ಪಿಲಾರ್ ಸಿಸ್ಟರಿಗೆ ಓದಿ ಹೇಳುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಬ್ಯಾಂಡೇಜು ಸುತ್ತಿಡುತ್ತಿದ್ದೆ. ಯಾರ ವಿಷಯ ಎಂದು ಮೊದಲು ತಿಳಿಯಲಿಲ್ಲ. ಸೋಮಾರಿ, ಸಿಡುಕಿ, ಸುಳ್ಳಿ, ಒಂದೊಂದಾಗಿ ಬರುತ್ತಿತ್ತು, ಒಂದೊಂದೂ ಆ ಎಂದು ಮುಗಿಯುತ್ತಿತ್ತು. ಯಾರೋ ಪಾಪದ ಹುಡುಗಿ ಎಂದುಕೊಂಡೆ. ಆಮೇಲೆ ನನ್ನ ಹೆಸರು ಬಂತು. ಅವೆಲ್ಲ ಗುಣವಾಚಕದ ಪಾಠದಲ್ಲಿ ಕಲಿತ ಮಾತುಗಳು. ಕಲಿಯದೇ ಇದ್ದಿದ್ದರೆ ಸುಮ್ಮನೆ ಬ್ಯಾಂಡೇಜು ಸುತ್ತಿಕೊಂಡು ಎದ್ದು ಹೋಗುತ್ತಿದ್ದೆ.

ಒಳಗೆ ಹೋಗಿ ಹೇಳಲು ನೋಡಿದೆ. ನಮ್ಮಲ್ಲಿ ಪ್ರೀತಿಯ ಮಗುವನ್ನು ಹೊಗಳುವುದಿಲ್ಲ, ಕೆಟ್ಟದ್ದು ಎಂದರೆ ಕಾಪಾಡಿದ ಹಾಗೆ ಎಂದು. ಅಷ್ಟು ದೊಡ್ಡ ಮಾತಿಗೆ ನನ್ನ ಸ್ಪ್ಯಾನಿಷ್ ಸಾಲಲಿಲ್ಲ. ತೊದಲಿದೆ. ಪಿಲಾರ್ ಸಿಸ್ಟರ್ ನನ್ನ ಪರವಾಗಿ ಮಾತಾಡಿದರು. ದೊಡ್ಡ ಸಿಸ್ಟರ್ ಪ್ರೀತಿಯಿಂದಲೇ ಒಂದು ಪ್ರಶ್ನೆ ಕೇಳಿದರು. ಸರಿ, ಹಾಗಾದರೆ ನಿನ್ನ ಅಜ್ಜಿ ಯಾವತ್ತಾದರೂ ನಿನಗೊಬ್ಬಳಿಗೇ ಕೇಳುವ ಹಾಗೆ ಹೇಳಿದ ಒಂದು ಒಳ್ಳೆಯ ಮಾತು ಹೇಳು, ಬರೆದುಕೊಳ್ಳುತ್ತೇನೆ ಎಂದರು.

ನಾನು ಬಹಳ ಹೊತ್ತು ಯೋಚಿಸಿದೆ ಅಜ್ಜಿ.

ನನಗೆ ಸಿಟ್ಟಿಲ್ಲ. ನಿನ್ನ ಭಯ ನನಗೆ ಚಿಕ್ಕಂದಿನಿಂದ ಗೊತ್ತು. ಕನ್ನಡದಲ್ಲಿ ನೀನು ಬೈದಾಗ ಅದರ ಹಿಂದೆ ಆ ಭಯ ಕೇಳಿಸುತ್ತಿತ್ತು. ಅವರ ಭಾಷೆಯಲ್ಲಿ ಕೇಳಿದಾಗ ಬರೀ ಮಾತು ಉಳಿಯಿತು.

ಯುಗಾದಿಗೂ ಬರುವುದಿಲ್ಲ. ಇನ್ನು ಸ್ವಲ್ಪ ದಿನ ಬರೆಯುವುದಿಲ್ಲ.

ಶಿವಲೀಲಾ


ಹಿರೇಹಡಗಲಿ
೨೮-೨-೨೦೦೨

ಶಿವಲೀಲಾಳಿಗೆ,

ಬರೆಯುವುದಿಲ್ಲ ಎಂದು ನೀನು ಬರೆದಿದ್ದೀಯ. ನಾನು ಬರೆಯಬಾರದು ಎಂದು ಬರೆದಿಲ್ಲ.

ಹಾಳೆ ಮುಂದಿಟ್ಟುಕೊಂಡು ಕುಳಿತಾಗಲೆಲ್ಲ ಬಾಯಿಗೆ ಬೈಗುಳವೇ ಬಂತು. ಮೊದಲು ಆ ಸಿಸ್ಟರಿಗೆ, ಆಮೇಲೆ ಆ ಡ್ರೈವರಿಗೆ. ಎಲ್ಲರೂ ಮುಗಿದ ಮೇಲೆ ನಾನೊಬ್ಬಳೇ ಉಳಿದೆ. ಊರಿಗೆಲ್ಲ ಹೆಸರಿಟ್ಟವಳಿಗೆ ತನಗೆ ಇಟ್ಟುಕೊಳ್ಳಲು ಒಂದು ಹೆಸರು ಸಿಕ್ಕಲಿಲ್ಲ.

ಒಂದು ಒಳ್ಳೆಯ ಮಾತು ನೆನಪಾಗಲಿಲ್ಲ ಎಂದು ನೀನು ಬರೆದಿಲ್ಲ. ಬಹಳ ಹೊತ್ತು ಯೋಚಿಸಿದೆ ಎಂದಷ್ಟೇ ಬರೆದಿದ್ದೀಯ. ನಾನೂ ಇಲ್ಲಿ ಕುಳಿತು ಹುಡುಕಿದೆ. ನೀನು ಹತ್ತನೆಯ ತರಗತಿ ಪಾಸಾದ ದಿನ ಏನಾದರೂ ಅಂದಿದ್ದೆನಾ ಎಂದು ನಿನ್ನ ಅವ್ವನನ್ನು ಕೇಳಿದೆ. ಅಷ್ಟು ದಿನದ ಮೇಲೆ ಅವಳು ನನ್ನ ಕಡೆ ತಿರುಗಿ, "ಕತ್ತೆಗೂ ಮಾರ್ಕ್ಸ್ ಕೊಡ್ತಾರ ಈಗ, ಅಂದಿದ್ದಿ" ಎಂದಳು. ನಿನಗೆ ಚಳಿಜ್ವರ ಬಂದಾಗ ರಾತ್ರಿಯೆಲ್ಲ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ, ಆಗ ಏನಾದರೂ ಅಂದಿರಬಹುದು ಎಂದುಕೊಂಡೆ. ಅಂದದ್ದು ನೆನಪಿದೆ. ಎಮ್ಮೆಯಷ್ಟು ಭಾರ ಎಂದಿದ್ದೆ. ಆಗ ನೀನು ಹಕ್ಕಿಯಷ್ಟು ಇದ್ದೆ.

ನಾನು ಅಲ್ಲಿಗೆ ಹೋಗಿ ಆಕೆಯನ್ನು ಕಾಣುತ್ತೇನೆ. ನೀನು ಬೇಡ ಎಂದರೂ ಹೋಗುತ್ತೇನೆ.

ಚೌಡಕ್ಕ


ಹಿರೇಹಡಗಲಿ
೬-೫-೨೦೦೨

ಶಿವಲೀಲಾಳಿಗೆ,

ಹೋಗಿ ಬಂದೆ. ನಿನಗೆ ಯಾರಾದರೂ ಹೇಳಿರಬಹುದು, ಹೇಳಿರಲಿಕ್ಕಿಲ್ಲ.

ನಿನ್ನ ಅಪ್ಪ ಜೊತೆಗೆ ಬಂದ. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಬಸ್ಸಿನಿಂದ ಬಸ್ಸಿಗೆ ಇಳಿದು ಹತ್ತಿ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಈ ಸಲ ತಪ್ಪಲಿಲ್ಲ. ಬೇವಿನ ಮರದ ಕೆಳಗೆ ಅದೇ ಸಿಸ್ಟರ್, ಅದೇ ಡ್ರೈವರು. ಗುರುತು ಹಿಡಿದಳು, ನೀರು ತರಿಸಿದಳು. ನಾನು ನಿಂತುಕೊಂಡೇ ಹೇಳಿದೆ. "ನನ್ನ ಮೊಮ್ಮಗಳು ಸುಳ್ಳು ಹೇಳಂಗಿಲ್ಲ ರೀ. ಸೋಮಾರಿ ಅಲ್ಲ. ಅಂದು ನಾ ಹೇಳಿದ್ದೆಲ್ಲ ತಿರುವಿ ಬರಕೊಳ್ರಿ" ಎಂದೆ. ಡ್ರೈವರು ಹೇಳಿದ. ಆಕೆ ಕೇಳಿ, ನಕ್ಕು, ನನ್ನ ಭುಜ ತಟ್ಟಿದಳು. ಅವನು, "ಅಜ್ಜಿಗಳು ಎಲ್ಲಾರೂ ಹಿಂಗೇ ಹೇಳ್ತಾರೆ ಅವ್ವಾ, ಅಂತಾರೆ" ಎಂದ.

ಕೆಟ್ಟದ್ದು ಹೇಳಿದಾಗ ಬರೆದುಕೊಂಡಳು. ಒಳ್ಳೆಯದು ಹೇಳಿದರೆ ಭುಜ ತಟ್ಟುತ್ತಾಳೆ. ಅಮೃತಾ ಅಲ್ಲಿ ಚೆನ್ನಾಗಿ ಕಲಿಯುತ್ತಿದ್ದಾಳಂತೆ. ಕಳಿಸುವುದು ಒಬ್ಬಳನ್ನೇ, ಇನ್ನೊಬ್ಬಳನ್ನು ಕಳಿಸುವುದಿಲ್ಲವಂತೆ. ಆಕೆಯ ತಪ್ಪಿಲ್ಲ. ಮನೆಯ ಹಿರಿಯಳು ಹೇಳಿದ್ದನ್ನು ನಂಬಿದಳು.

ನಿನ್ನನ್ನು ಕರೆಸುತ್ತೇವೆ ಎಂದರು. ನಾನೇ ಹೋಗಿ ನೋಡುತ್ತೇನೆ ಎಂದು ವಾರ್ಡಿನ ಕಡೆ ಹೋದೆ. ಕಿಟಕಿಯ ಹೊರಗೆ ನಿಂತೆ. ನೀನು ಒಂದು ಹುಡುಗಿಗೆ ನಡೆಯುವುದನ್ನು ಕಲಿಸುತ್ತಿದ್ದೆ. ಅದರ ಎರಡೂ ಕಾಲಿಗೆ ಕಬ್ಬಿಣದ ಪಟ್ಟಿ. ಎದ್ದಿತು, ಬಿದ್ದಿತು. ನೀನು ಎತ್ತಲಿಲ್ಲ, ಬೈಯಲಿಲ್ಲ. ಅದರ ಎದುರಿಗೆ ನೀನೂ ನೆಲದ ಮೇಲೆ ಕುಳಿತುಕೊಂಡೆ, ಕೈ ಚಾಚಿ. ಮತ್ತೆ ಎದ್ದಿತು, ಮತ್ತೆ ಬಿದ್ದಿತು. ನಾನಾಗಿದ್ದರೆ ಅಷ್ಟರಲ್ಲೇ ಕುಂಟಿ ಎಂದು ಬೈದು ಎತ್ತಿ ಸೊಂಟಕ್ಕೆ ಹಾಕಿಕೊಳ್ಳುತ್ತಿದ್ದೆ, ಅದು ಜನ್ಮದಲ್ಲಿ ನಡೆಯುತ್ತಿರಲಿಲ್ಲ. ಬಿಸಿಲು ಕಿಟಕಿಯಿಂದ ಗೋಡೆಗೆ ಹೋಯಿತು. ನೀನು ಹಾಗೇ ಕುಳಿತಿದ್ದೆ. ಕಡೆಗೆ ಅದು ನಿನ್ನ ಕೈ ಮುಟ್ಟಿತು. ನೀನು ಅದರ ಕಿವಿಯಲ್ಲಿ ಏನೋ ಒಂದು ಮಾತು ಹೇಳಿದೆ. ಅದರ ಮುಖ ಅರಳಿತು.

ಆ ಮಾತು ಯಾವುದು ಎಂದು ನನಗೆ ಕೇಳಿಸಲಿಲ್ಲ. ಅಂಥ ಮಾತು ನಿನಗೆ ಯಾರು ಕಲಿಸಿದರು. ನಾನಂತೂ ಅಲ್ಲ.

ಕರೆಯಬೇಕೆಂದು ಕಿಟಕಿಯ ಸರಳು ಹಿಡಿದೆ. ನೀನು ತಿರುಗಿ ನೋಡಿದ ಕೂಡಲೇ ನನ್ನ ಬಾಯಿಂದ ಏನು ಬೀಳುತ್ತದೋ ಎಂದು ಭಯವಾಯಿತು. ಎಷ್ಟು ಬಡಕಲಾಗಿದ್ದೀಯಲೇ ಕಡ್ಡಿ, ಎಂದೇ ಅನ್ನುತ್ತಿದ್ದೆ. ಇಷ್ಟು ವರ್ಷದ ನಾಲಿಗೆ, ಒಂದು ಬಸ್ಸಿನ ದಾರಿಯಲ್ಲಿ ತಿರುಗುವುದಿಲ್ಲ. ಹಾಗೇ ಬಂದುಬಿಟ್ಟೆ.

ಕೂಡ್ಲಿಗಿ ದಾಟಿದ ಮೇಲೆ ಒಂದು ಯೋಚನೆ ಬಂತು. ನಮ್ಮ ಕಡೆಯ ದೃಷ್ಟಿಗೆ ನಮ್ಮ ಕಡೆಯ ಮಾತು ಮಾತ್ರ ತಿಳಿಯುತ್ತದೆ. ಸ್ಪೇನಿನ ಮಾತು ಅದಕ್ಕೆಲ್ಲಿ ಬರಬೇಕು. ನೀನು ಆ ಮಾತುಗಳನ್ನು ಮೊದಲ ಸಲ ಬರೆದು ಕಳಿಸಿದ್ದೆಯಲ್ಲ, ಆ ಕಾಗದದ ಚೂರುಗಳನ್ನು ಗಂಜಿ ಹಚ್ಚಿ ಅಂಟಿಸಿ ಇಟ್ಟುಕೊಂಡಿದ್ದೇನೆ. ಅದನ್ನು ನೋಡಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿಕೋ. ಅದರಲ್ಲಿ ಕೆಟ್ಟವಳಿಗೆ ಇರುವ ಮಾತನ್ನು ನನಗಾಗಿ ಉಳಿಸಿಕೊಂಡಿದ್ದೇನೆ.

ನಿಯೆತಾ ಬುಯೆನಾ. ನಿಯೆತಾ ಬೊನೀತಾ. ನಿಯೆತಾ ಫುಯೆರ್ತೆ.

ಮೊದಲು ಮೊಮ್ಮಗಳು, ಆಮೇಲೆ ಮಾತು. ನಾನು ಮೊದಲಿನಿಂದ ಹಿಡಿಯಬೇಕಾಗಿದ್ದ ದಾರಿ ಇದು. ನಿನಗಿಂತ ಮುಂದೆ ಯಾವಾಗಲೂ ಒಂದು ಬೈಗುಳವನ್ನು ಕಳಿಸಿದೆ, ಕೆಟ್ಟದ್ದೆಲ್ಲ ಅದಕ್ಕೆ ತಗಲಲಿ, ನೀನು ಅದರ ಹಿಂದೆ ಮರೆಯಾಗಿ ಬಾ ಎಂದು. ಆ ಸಿಸ್ಟರಿಗೆ ಅದೊಂದೇ ಕಂಡಿತು, ನೀನು ಕಾಣಲಿಲ್ಲ.

ಬರೆದು ಸಮಾಧಾನದಿಂದ ಕಾಗದ ಮಡಿಚಿದ್ದೆ. ಮತ್ತೆ ಬಿಚ್ಚಿದೆ. ಪರದೇಶದ ಮಾತಿನ ಮರೆಯಲ್ಲಿ ಅಡಗಿ ಹೇಳಿದರೆ ನೀನು ಅದನ್ನು ಆ ಸಿಸ್ಟರಿಗೆ ಹೇಳಬಹುದಷ್ಟೇ, ಇಟ್ಟುಕೊಳ್ಳಲು ಬರುವುದಿಲ್ಲ. ಬಾಗಿಲು ಹಾಕಿಕೊಂಡಿದ್ದೇನೆ. ಜೋಗಮ್ಮ ಕಟ್ಟೆಯ ಮೇಲೆ ಇಲ್ಲ. ಈಗ ಬರೆಯುತ್ತೇನೆ.

ತಿಪ್ಪಿ, ನೀನು ಒಳ್ಳೆಯವಳು. ನೀನು ತಾಳ್ಮೆಯವಳು. ನೀನು ಹುಟ್ಟಿದ ದಿನದಿಂದ ಚೆಲುವೆ.

ಈಗ ಹೇಳಿದ ಹಾಗೆ ಕೇಳು. ಇದನ್ನು ಓದಿದ ಕೂಡಲೇ ಒಂದು ಹಿಡಿ ಉಪ್ಪು, ಒಣಮೆಣಸಿನಕಾಯಿ ತೆಗೆದುಕೊಂಡು ನಿನ್ನ ಮುಖಕ್ಕೆ ನೀನೇ ನಿವಾಳಿಸಿಕೊಂಡು ಒಲೆಗೆ ಹಾಕು. ಹಾಸ್ಟೆಲಿನಲ್ಲಿ ಬೈದರೆ ಬೈಯಲಿ. ಘಾಟು ಬರದಿದ್ದರೆ ಇನ್ನೊಮ್ಮೆ ಹಾಕು, ಬರುವ ತನಕ ಹಾಕು. ಊರಿಗೆ ಬಾ ಎನ್ನುವುದಿಲ್ಲ. ಕಾಗದ ಬರೆ ಎಂದೂ ಎನ್ನುವುದಿಲ್ಲ. ಕೆಮ್ಮು ಬಂತು ಎಂದು ಒಂದು ಕಾರ್ಡು ಹಾಕು, ಅಷ್ಟು ಸಾಕು.

ನಿನ್ನ ಅಬುಯೇಲಾ
ಚೌಡಕ್ಕ, ಮಾಲಾ